ಮೂರನೇ ಹಾಡಿನ ಏರು

ಇದನ್ನು ಯಾರಿಗೂ ಹೇಳಿಲ್ಲ.
ಕೇಳಿದವರೂ ಇಲ್ಲ ಅನ್ನಿ.

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ,
ನಾಲ್ಕಡಿ ಅಗಲ. ಎಂಬತ್ತೇಳರ ಡಿಸೆಂಬರಿನಲ್ಲಿ
ನಾಲ್ವರು ಬಂದು ನಿಂತರು,
ಐದನೆಯವರಿಗೆ ಜಾಗವಿರಲಿಲ್ಲ.

ಲೆಸ್ಲಿ: ಗಿಟಾರು, ಅರೆಮೀಸೆ, ಬಾಯ್ತುಂಬ ಬೈಗುಳ.
ಯಾಕೂಬ: ಬೇಸ್. ಅದರ ನಾಲ್ಕನೇ ತಂತಿ
ಲಾರಿಯ ಬ್ರೇಕ್ ಕೇಬಲ್ಲಿನಿಂದ ಬಿಡಿಸಿದ ಎಳೆ.
ತಬಿತಾ: ಗಣಿ ಆಸ್ಪತ್ರೆಯ ನರ್ಸು. ಹಾಡಿದರೆ
ಸೂಜಿಗೆ ಮುಂಚೆ ಸ್ಪಿರಿಟ್ ಹಚ್ಚಿದ ಹಾಗೆ,
ಮೊದಲು ತಣ್ಣಗೆ.
ಸವರಿಮುತ್ತು: ಡ್ರಮ್ಮು. ಅವನಪ್ಪ ಚಾಂಪಿಯನ್ ರೀಫ್ಸಿನಲ್ಲಿ
ಎರಡು ಮೈಲಿ ಆಳಕ್ಕಿಳಿದು
ಭೂಮಿ ಬೀಳದಂತೆ ಮರದ ಆನಿಕೆ ಕೊಡುವವನು.

ಬ್ಯಾಂಡಿನ ಹೆಸರು ರಾಕ್ ಬರ್ಸ್ಟ್.
ಬೆಂಗಳೂರಿನವರು ಜಾಣ ಹೆಸರು ಅಂದರು.
ನಮ್ಮಲ್ಲಿ ಅದು ಜಾಣತನವಲ್ಲ.
ರಾತ್ರಿ ಎರಡಕ್ಕೆ ಗೂಡಿನ ಪಾತ್ರೆ ತಾವಾಗೇ ಗಲಗಲ ಅಂದರೆ
ಕೆಳಗೆಲ್ಲೋ ಬಂಡೆ ಸಿಡಿದಿದೆ ಎಂದು
ಹೆಂಗಸರು ಎದ್ದು ಕೂತು,
ಯಾವ ಶಾಫ್ಟು, ಯಾರ ಪಾಳಿ,
ಬೆರಳು ಮಡಚುತ್ತ ಸೈರನ್ನಿಗೆ ಕಾಯುವರು.
ಆ ಎಣಿಕೆಯೇ ಸವರಿಮುತ್ತುವಿನ ತಾಳ:
ಏಳು ಪೆಟ್ಟು, ಒಂದು ಬಿಡುವು.
ಬಿಡುವಿನಲ್ಲಿ ಕೋಲು ಎತ್ತಿ ಹಿಡಿದು
ನೆಲಕ್ಕೆ ಕಿವಿಗೊಟ್ಟವನಂತೆ ಇರುತ್ತಿದ್ದ.

ಯೂನಿಯನ್ ಹಾಲಿನಲ್ಲಿ ಮುನ್ನೂರು ಕುರ್ಚಿ, ಹದಿನಾರು ಜನ,
ಅದರಲ್ಲಿ ಆರು ಮಂದಿ ಕುರ್ಚಿಯವನ ಕಡೆಯವರು.
ಕೋಲಾರದ ಕಾಲೇಜಿನಲ್ಲಿ ಟೊಮೇಟೊ ಬಿತ್ತು
(ಆ ವಾರ ದರ ಬಿದ್ದಿತ್ತು).
ಯಾಕೂಬ ಒಂದನ್ನು ಹಿಡಿದು, ಕಚ್ಚಿ ತಿಂದು,
ಬೀಜ ಉಗಿದು ಮುಂದಿನ ಹಾಡಿಗೆ ಹೋದ.

ಸೈನೈಡ್ ಗುಡ್ಡದ ಬುಡದ ಶೆಡ್ಡಿನಲ್ಲಿ ಒಂದೇ ರಾತ್ರಿ ರೆಕಾರ್ಡಿಂಗು.
ಎರಡು ಮೈಕು, ಒಂದು ಬಲ್ಬು, ಬಾಡಿಗೆ ಡೆಕ್ಕು,
ಎಲ್ಲಕ್ಕೂ ಒಂದೇ ಲಾರಿ ಬ್ಯಾಟರಿ.
ಚಾರ್ಜ್ ಮಾಡಿಸಿದ್ದೇನೆ ಅಂದಿದ್ದೆ.
ಮಾಡಿಸಿರಲಿಲ್ಲ. ಆ ಎಂಟು ರೂಪಾಯಿಗೆ
ಮ್ಯಾಟಿನಿ ನೋಡಿ, ಬೋಂಡ ತಿಂದಿದ್ದೆ.

ಮೂರನೇ ಹಾಡಿನ ನಡುವೆ ಮೋಟರು ಸೊರಗಿತು.
ನಿಧಾನವಾಗಿ ಹಿಡಿದದ್ದು ನುಡಿಸುವಾಗ ಓಡುತ್ತದೆ,
ಲೆಕ್ಕ ಇಷ್ಟೇ.
ಸಾಯುತ್ತಿದ್ದದ್ದು ಬ್ಯಾಟರಿ.
ಕೇಳುವವರಿಗೆ ಮಾತ್ರ ಒಂದು ಹೆಣ್ಣು ಗಂಟಲು
ಮೂರು ವಾದ್ಯಗಳನ್ನು ಹೊತ್ತುಕೊಂಡು,
ಪಾಳಿ ಮುಗಿಸಿದವರ ಕೇಜಿನ ಹಾಗೆ,
ಮೇಲೆ, ಇನ್ನೂ ಮೇಲೆ.

ಅರವತ್ತು ಪ್ರತಿ ಮಾಡಿದೆ. ಹನ್ನೆರಡು ಸಾಲಕ್ಕೆ ಹೋದವು.
ಮೂರು ಮಾರಿಕುಪ್ಪಂ ರೈಲಿನಲ್ಲಿ ಕಳೆದವು,
ಊರೂರು ತಿರುಗಿದ್ದು ಅವೇ ಇರಬೇಕು.
ಚಿಂತಾಮಣಿಯ ಹುಡುಗರು ಆ ಏರು ಹತ್ತಲು ಹೋಗಿ
ವಾರಗಟ್ಟಲೆ ದನಿ ಕಳೆದುಕೊಂಡರು.
ತುಮಕೂರಿನ ಹಾಸ್ಟೆಲೊಂದರಲ್ಲಿ
ನುಡಿಸುತ್ತಲೇ ಬಿರಡೆ ತಿರುಚಿದವನ ತಂತಿ ಸಿಡಿದು ಹುಬ್ಬು ಸೀಳಿತು.
ಗಾಯದ ಗುರುತನ್ನು ಇಂದಿಗೂ ತೋರಿಸುತ್ತಾನಂತೆ,
ಪದಕದ ಹಾಗೆ.

ಆಮೇಲೆ ಎಲ್ಲಿ ಹೋದರೂ
ಮೂರನೇದು, ಮೂರನೇದು ಎಂಬ ಕೂಗು.
ತಬಿತಾ ಹತ್ತಿ ನೋಡಿದಳು.
ಆಗಲಿಲ್ಲ. ಯಾರಿಗೆ ಆದೀತು?
ಕ್ಯಾಸೆಟ್ಟಿನಲ್ಲಿ ಹಾಡಿದ್ದು ಇವಳಲ್ಲ ಎಂದರು ಕೆಲವರು.
ತೊಂಬತ್ತೆರಡರಲ್ಲಿ, ಬಂಗಾರಪೇಟೆಯ ಮದುವೆಯೊಂದರಲ್ಲಿ,
ಮೈಕನ್ನು ಕುರ್ಚಿಯ ಮೇಲೆ ಮಲಗಿಸಿ
ಕೈ ತೊಳೆಯಲು ಹೋದವಳು ಮರಳಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಹೆರಿಗೆ ವಾರ್ಡು,
ಭಾನುವಾರ ಕ್ವಾಯರಿನ ಹಿಂದಿನ ಸಾಲು, ಕೆಳದನಿ.
ಲೆಸ್ಲಿ ಜೋಲಾರಪೇಟೆಯಲ್ಲಿ ಬೋಗಿ ಜೋಡಿಸಿ ನಿವೃತ್ತನಾದ.
ಯಾಕೂಬನ ಗ್ಯಾರೇಜಿನಲ್ಲಿ ಬೇಸ್ ಮೊಳೆಗೆ ತೂಗುತ್ತಿದೆ,
ನಾಲ್ಕನೇ ತಂತಿ ಮತ್ತಾರದೋ ಬ್ರೇಕಿಗೆ ಹೋಯಿತು.

ಮೊನ್ನೆ ಗೌರಿಬಿದನೂರಿನಿಂದ ಹುಡುಗನೊಬ್ಬ ಬಂದ.
ಕಿವಿಗೆ ರಿಂಗು, ಕೈಯಲ್ಲಿ ನನ್ನದೇ ಅಕ್ಷರದ ಕ್ಯಾಸೆಟ್ಟು.
ಅಂಕಲ್, ಆ ಏರು ಹೇಗೆ ಬಂತು?
ಗಣಿ ಮುಚ್ಚಿದೆ, ಅಂಗಡಿ ಈಗ ರೀಚಾರ್ಜಿನದು.
ನಾನು ಗುಡ್ಡದ ಕಡೆ ಕೈ ತೋರಿಸಿದೆ.
ಅವನು ಕೈಮುಗಿದ, ಗುಡ್ಡಕ್ಕೆ.

ಸವರಿಮುತ್ತು ಈಗ ನೀರು ತುಂಬಿದ ಶಾಫ್ಟಿನ ಕಾವಲುಗಾರ.
ಸಂಜೆ ಚಹಾಕ್ಕೆ ಕೂತಾಗ ಇದನ್ನು ಹೇಳಿ ನಕ್ಕೆ.
ಅವನು ನಗಲಿಲ್ಲ.

ಬ್ಯಾಟರಿ ಇಳೀತಿದ್ದದ್ದು ನಂಗೆ ಆವತ್ತೇ ಗೊತ್ತು ಕಣೋ,
ಬಲ್ಬು ಮಂಕಾಯ್ತಲ್ಲ.
ಕೋಲು ಕೆಳಗಿಡೋಣ ಅಂತಿದ್ದೆ.
ಅವಳು ಕಣ್ಣು ಮುಚ್ಚಿದ್ದಳು.

ಅಷ್ಟು ಹೇಳಿ ಬಿಸ್ಕತ್ತು ಅದ್ದಿದ.
ಅರ್ಧ ಮುರಿದು ಲೋಟದೊಳಗೆ ಬಿತ್ತು.